ತುಕ್ಕು ಕಾಯುವ ಭರಮಮ್ಮ

ಬೆಳಗಿನ ಐದೂವರೆಗೆ ನವಿಲುಗುಂಟೆಯಲ್ಲಿ ಎದ್ದಿರುವ ಜೀವ ಎರಡೇ. ಕಟ್ಟೆಯ ಮೇಲಿನ ನಾಯಿ ಒಂದು, ಭರಮಮ್ಮ ಇನ್ನೊಂದು. ನಾಯಿಗೆ ಮಾಡಲು ಕೆಲಸವಿಲ್ಲ. ನೀರಿನ ಮನೆಯ ಮುಂದೆ ಕೊಡಗಳು ಹಿಂದಿನ ಸಂಜೆಯೇ ಬಂದು ಸಾಲಾಗಿ ಕೂತಿವೆ. ಸ್ವಲ್ಪ ಹೊತ್ತಿಗೆ ಅವುಗಳ ಒಡತಿಯರೂ ಒಬ್ಬೊಬ್ಬರಾಗಿ ಕಣ್ಣುಜ್ಜಿಕೊಳ್ಳುತ್ತ ಬರುತ್ತಾರೆ. ಭರಮಮ್ಮ ಬೀಗ ತೆಗೆದು, ಬಗ್ಗದ ಮೊಣಕಾಲನ್ನು ಬೈಯುತ್ತ, ಗೋಡೆ ಹಿಡಿದು ಒಂದು ಪಕ್ಕಕ್ಕೆ ವಾಲಿ ಹೊಸ್ತಿಲು ದಾಟುತ್ತಾರೆ. ಮೋಟಾರಿನ ಗುಂಡಿ ಒತ್ತುತ್ತಾರೆ. ನೀರು ಸೋಸುವ ಡ್ರಮ್ಮಿನಿಂದ ಇಳಿದದ್ದನ್ನು ಒಂದು ಗಾಜಿನ ನಳಿಕೆಗೆ ಹಿಡಿದು, ಸಣ್ಣ ಶೀಸೆಯಿಂದ ಔಷಧದ ಹನಿ ಬಿಟ್ಟು, ನಳಿಕೆ ಎತ್ತಿ ಸಾಲಿನ ಮೊದಲಿಗಳನ್ನು ಕೂಗುತ್ತಾರೆ.

"ಬಾರವ್ವಾ ಇಲ್ಲಿ. ಯಾವ ಬಣ್ಣ ಐತಿ ನೋಡಿ ಹೇಳು."

ಹೊಸದಾಗಿ ಮದುವೆಯಾಗಿ ಬಂದ ಹುಡುಗಿ ನಾಚಿಕೊಂಡು ಹೇಳುತ್ತಾಳೆ, "ಕುಂಕುಮ."

"ಜೋರಾಗಿ ಹೇಳು. ಹಿಂದಿನೋರಿಗೆ ಕೇಳಬೇಕು."

"ಕುಂಕುಮಾ!"

ಆಮೇಲೆಯೇ ನಲ್ಲಿ ತೆರೆಯುತ್ತದೆ. ಕುಂಕುಮದ ಬಣ್ಣ ಉಳಿದರೆ ನೀರು ಸೈ. ಅರಿಶಿಣಕ್ಕೆ ತಿರುಗಿದರೆ ನೀರಿನಲ್ಲಿ ಫ್ಲೋರೈಡ್ ಇನ್ನೂ ಇದೆ ಎಂದರ್ಥ, ಆ ದಿನ ಯಾರಿಗೂ ಒಂದು ತಂಬಿಗೆ ನೀರೂ ಇಲ್ಲ. ಬಣ್ಣವನ್ನು ಭರಮಮ್ಮ ತಾವೇ ನೋಡಿ ಹೇಳುವುದಿಲ್ಲ. ಯಾಕೆ ಎಂದು ಕೇಳಿದ್ದಕ್ಕೆ, "ಕೊಡ ತುಂಬಲಿ ಮೊದಲು, ಮಾತು ಆಮ್ಯಾಲ" ಎಂದು ನನ್ನನ್ನು ಮೂಲೆಯ ಸಿಮೆಂಟು ಚೀಲದ ಮೇಲೆ ಕೂರಿಸಿದರು. ಕೊಟ್ಟೂರಿನ ಲಾಡ್ಜಿನಲ್ಲಿ ಸೊಳ್ಳೆಗಳಿಗೆ ಊಟವಾಗಿ, ನಾಲ್ಕೂವರೆಗೆ ಎದ್ದು, ಭರಮಮ್ಮನ ಮಗ ಚನ್ನಬಸವನ ಬೈಕಿನ ಹಿಂದೆ ಕೂತು, ಪತ್ರಿಕೆಗೆ ಬರೆಯಲೆಂದು ಬಂದವನು ನಾನು. ಬೆಳಗಿನ ಚಹಾ ಇಲ್ಲದೆ ನನಗೆ ಯಾರ ಮೇಲೂ ಪ್ರೀತಿ ಹುಟ್ಟುವುದಿಲ್ಲ. ಆದರೂ ಅಲ್ಲಿ ಕೂತು ನೋಡುತ್ತ ನೋಡುತ್ತ ನನ್ನ ಗೊಣಗಾಟ ನಿಂತಿತು.

ಮೊದಲು ಕಣ್ಣಿಗೆ ಬಿದ್ದದ್ದು ನಗು. ಈ ಊರಿನಲ್ಲಿ ಹೆಂಗಸರು ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಗುತ್ತಾರೆ, ಗಂಡಸರು ಟವೆಲ್ ಹಿಡಿದು. ಮರ್ಯಾದೆ ಇರಬೇಕು ಅಂದುಕೊಂಡೆ. ಚನ್ನಬಸವ ನಿಜ ಹೇಳಿದ. "ಹಲ್ಲು ತೋರ್ಸಬಾರದು ಅಂತರಿ. ಸಣ್ಣೋರಿದ್ದಾಗಿಂದ ಕೈ ತಾನಾ ಮ್ಯಾಲ ಬರ್ತೈತಿ." ಅವನು ಕೈ ತೆಗೆದು ತೋರಿಸಿದ. ಮೂವತ್ತರ ಹುಡುಗನ ಹಲ್ಲುಗಳ ಮೇಲೆ ಕಂದು ಗೆರೆ, ಅಲ್ಲಲ್ಲಿ ಸುಣ್ಣದ ಮಚ್ಚೆ. ಅವನು ಹುಟ್ಟುವ ಹೊತ್ತಿಗೆ ಊರಿನ ಬಾವಿ ಬತ್ತಿ ಬೋರು ಬಂದಿತ್ತು. ಆಳದ ಬಂಡೆಯ ಸಂದಿನಿಂದ ಬಂದ ನೀರು ತಿಳಿಯಾಗಿತ್ತು, ತಣ್ಣಗಿತ್ತು, ರುಚಿಯಾಗಿಯೂ ಇತ್ತು. ಅದರಲ್ಲಿ ಫ್ಲೋರೈಡ್ ಕರಗಿದೆ ಎಂದು ತಿಳಿಯುವ ಹೊತ್ತಿಗೆ ಒಂದು ತಲೆಮಾರಿನ ಹಲ್ಲು ಹೋಗಿತ್ತು, ಹಿಂದಿನ ತಲೆಮಾರಿನ ಕೀಲುಗಳು ಬಿಗಿದಿದ್ದವು.

ಭರಮಮ್ಮನ ಹಲ್ಲು ಮಾತ್ರ ಬೆಳ್ಳಗಿವೆ. ಅದನ್ನು ಅವರು ಬಾಯಿ ತುಂಬ ನಕ್ಕು ತೋರಿಸುತ್ತಾರೆ.

"ನಾ ಹಂಪಸಾಗರದಾಕಿ. ಹೊಳಿ ನೀರು ಕುಡಿದು ಬೆಳೆದಾಕಿ. ಇವು ಹೊಳಿ ಹಲ್ಲು. ನನ್ನ ಮಗಂದು ಬೋರಿನ ಹಲ್ಲು. ಮೊಣಕಾಲು ಮಾತ್ರ ನಂದೂ ಈ ಊರಿಂದಾ ಆಗೇತಿ."

ಗಂಡ ದೊಡ್ಡಬೀರಪ್ಪ ಕುರಿಗಾರ. ವರ್ಷದ ಬಹುಪಾಲು ಹಿಂಡಿನ ಜೊತೆ ಹೊರಗೇ ಇರುತ್ತಾನೆ. ಬೇಸಿಗೆಯಲ್ಲಿ ತುಂಗಭದ್ರೆಯ ದಂಡೆ, ಸುಗ್ಗಿಯಾದ ಮೇಲೆ ಹಡಗಲಿ ಕಡೆಯ ಹೊಲಗಳು. ಒಂದೇ ಊರಿನ ನೀರನ್ನು ಅವನು ಬಹಳ ದಿನ ಕುಡಿದವನಲ್ಲ. "ನನಗಿಂತ ಹತ್ತು ವರ್ಸ ದೊಡ್ಡಾಂವ. ಇನ್ನೂ ಕುಕ್ಕರಗಾಲಾಗ ಕುಂತು ಬೀಡಿ ಸೇದ್ತಾನ. ಅದನ್ನ ನೋಡಿದ್ರ ನನಗ ಹೊಟ್ಟಿ ಉರೀತೈತಿ ನೋಡ್ರಿ" ಎನ್ನುತ್ತಾರೆ ಭರಮಮ್ಮ. ಅವರಿಗೆ ನೆಲದ ಮೇಲೆ ಕೂರಲಾಗುವುದಿಲ್ಲ. ರೊಟ್ಟಿ ಬಡಿಯುವುದೂ ನಿಂತೇ. ಕಟ್ಟೆ ಎತ್ತರಿಸಿ ಒಲೆ ಹಾಕಿಸಿಕೊಂಡಿದ್ದಾರೆ.

ಎರಡು ವರ್ಷದ ಹಿಂದೆ, ಎರಡು ಸಾವಿರದ ಆರರ ಬೇಸಿಗೆಯಲ್ಲಿ, ಒಂದು ಕಾಲೇಜಿನ ಸಂಶೋಧಕರು ಈ ಊರನ್ನು ಹುಡುಕಿಕೊಂಡು ಬಂದರು. ಅವರು ತಂದದ್ದು ಒಂದು ಸ್ಟೀಲಿನ ಡ್ರಮ್ಮು, ಅದರ ತುಂಬ ಕೆಂಪು ಮರಳು. ಹೆಸರು ನ್ಯಾನೊ ಶೋಧಕ. ಈ ವರ್ಷದ ಆರಂಭದಲ್ಲಿ ಪೇಪರುಗಳಲ್ಲೆಲ್ಲ ನ್ಯಾನೊ ಕಾರಿನ ಸುದ್ದಿ ಬಂದಾಗ, ನವಿಲುಗುಂಟೆಗೆ ಆಗಲೇ ನ್ಯಾನೊ ಬಂದಿದೆಯಂತೆ ಎಂದು ಕೇಳಿ ಕೂಡ್ಲಿಗಿಯಿಂದ ಇಬ್ಬರು ಕಾರು ನೋಡಲು ಬಂದಿದ್ದರಂತೆ. ಊರಿನ ಮೋಟಾರು ರಿಪೇರಿಯ ಯರ್ರೆಪ್ಪ ಅವರಿಗೆ ಡ್ರಮ್ಮು ತೋರಿಸಿ, ಒಂದು ಲೋಟ ನೀರು ಕುಡಿಸಿ ಕಳಿಸಿದನಂತೆ.

ನನಗೂ ಅದೇನೆಂದು ಗೊತ್ತಿರಲಿಲ್ಲ. ಹೇಳಿಕೊಟ್ಟವಳು ಸುಮಲತಾ. ಹರಪನಹಳ್ಳಿಯ ಹುಡುಗಿ, ಆ ಕಾಲೇಜಿನಲ್ಲಿ ಸಂಶೋಧನೆ ಮಾಡುತ್ತಾಳೆ, ತಿಂಗಳಿಗೊಮ್ಮೆ ಬಸ್ಸು ಹತ್ತಿ ಬಂದು ನೀರು ಪರೀಕ್ಷಿಸುತ್ತಾಳೆ. "ಒಂದು ಗಿಟುಕು ಕೊಬ್ಬರಿ ಹಂಗೇ ಇಟ್ರೆ ಅಂಗೈಯಾಗೆ ಕೂರುತ್ತೆ. ತುರಿದ್ರೆ ಪರಾತ ತುಂಬುತ್ತೆ. ಕಬ್ಬಿಣದ್ದು, ಅಲ್ಯೂಮಿನಿಯಮ್ಮಿಂದು ತುಕ್ಕು ಇರುತ್ತಲ್ಲ, ಅದನ್ನ ನಾವು ಹಂಗೆ ತುರಿದೀವಿ ಅಂದ್ಕಳ್ರಿ. ಕಣ್ಣಿಗೆ ಕಾಣದಷ್ಟು ಸಣ್ಣಗೆ. ಸಣ್ಣದಾದಷ್ಟೂ ಫ್ಲೋರೈಡ್ ಅಂಟಿಕೊಳ್ಳಾಕೆ ಜಾಗ ಜಾಸ್ತಿ. ಆ ತುಕ್ಕನ್ನ ಮರಳಿನ ಮೇಲೆ ಕೂರಿಸೀವಿ, ಅಷ್ಟೆ." ಅಂದರೆ ಮರಳು ಬರೀ ಮಣೆ. ನೀರನ್ನು ಶುದ್ಧ ಮಾಡುವುದು ಅದರ ಮೈಮೇಲಿನ ಕೆಂಪು ತುಕ್ಕು. ಇದನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಯಾಕೆಂದರೆ ಭರಮಮ್ಮನಿಗೆ ಇದನ್ನು ಯಾರೂ ಹೇಳಿರಲಿಲ್ಲ.

ಡ್ರಮ್ಮು ನೋಡಿಕೊಳ್ಳಲು ಊರಿನವರೇ ಒಬ್ಬರು ಬೇಕು ಎಂದಾಗ ಎಲ್ಲರ ಬಾಯಲ್ಲಿ ಬಂದ ಹೆಸರು ಭರಮಮ್ಮನದೇ. ಕಾರಣ ಅವರ ಪಾತ್ರೆಗಳು. ಭರಮಮ್ಮನ ಮನೆಯ ತಾಮ್ರದ ಕೊಡದಲ್ಲಿ ಮುಖ ನೋಡಿಕೊಂಡು ಹಣೆಗೆ ಇಟ್ಟುಕೊಳ್ಳಬಹುದು ಎಂದು ಊರಿನ ಹೆಂಗಸರು ಹೇಳುತ್ತಾರೆ, ಅರ್ಧ ಮೆಚ್ಚುಗೆ, ಅರ್ಧ ಹೊಟ್ಟೆಕಿಚ್ಚು. ಭರಮಮ್ಮ ಒಪ್ಪಿಕೊಂಡದ್ದಕ್ಕೆ ಕಾರಣ ಬೇರೆಯೇ ಇತ್ತು. ಆಗ ಮೊಮ್ಮಗಳು ಕೀರ್ತನಾ ಇನ್ನೂ ತೆವಳುತ್ತಿದ್ದಳು. ಮಕ್ಕಳಿಗೆ ಮುಂದೆ ಬರುವ ಗಟ್ಟಿ ಹಲ್ಲು ದವಡೆಯ ಒಳಗೆ ಈಗಲೇ ತಯಾರಾಗುತ್ತಿರುತ್ತದೆ, ಈ ವಯಸ್ಸಿನಲ್ಲಿ ಕುಡಿದ ನೀರು ಅದರ ಮೇಲೆ ಗೆರೆ ಎಳೆಯುತ್ತದೆ ಎಂದು ಸುಮಲತಾ ಸಭೆಯಲ್ಲಿ ಹೇಳಿದ್ದನ್ನು ಭರಮಮ್ಮ ಮರೆತಿರಲಿಲ್ಲ.

"ನನ್ನ ಮಗ ಫೋಟೊ ತೆಗಿಸ್ಕಳಾಕ ಹೋದ್ರ ಬಾಯಿ ಮುಚ್ಚಿ ನಿಂದರ್ತಾನ. ತನ್ನ ಮದುವಿ ಫೋಟೊದಾಗೂ ನಕ್ಕಿಲ್ಲ. ಈ ಕೂಸಾದ್ರೂ ಬಾಯಿ ಬಿಟ್ಟು ನಗಲಿ ಅಂತ ಬಂದೆ ನಾ ಈ ಕೆಲಸಕ್ಕ" ಎನ್ನುತ್ತಾರೆ.

ಕೆಲಸ ಸಣ್ಣದೇನಲ್ಲ. ಬೆಳಿಗ್ಗೆ ಮನೆಗೊಂದು ಕೊಡ, ಬಸುರಿ ಬಾಣಂತಿ ಇರುವ ಮನೆಗೆ ಎರಡು. ಕರೆಂಟು ಹೋದರೆ ಅದು ಬರುವತನಕ ಕಾಯಬೇಕು. ಮರಳು ಫ್ಲೋರೈಡ್ ಹೀರಿ ಹೀರಿ ತುಂಬಿಕೊಂಡಾಗ ಕಾಸ್ಟಿಕ್ ಸೋಡದ ನೀರು ಹಾಯಿಸಿ ಅದನ್ನು ಬಿಡಿಸಬೇಕು. ಹಾಗೆ ಬಿಟ್ಟ ನೀರು ವಿಷಕ್ಕೆ ಸಮ. ಹಿತ್ತಲಲ್ಲಿ ಗಚ್ಚು ಮಾಡಿದ ಗುಂಡಿಗೆ ಅದನ್ನು ಬಿಟ್ಟು ಸುತ್ತ ಜಾಲಿಮುಳ್ಳಿನ ಬೇಲಿ ಬಡಿದಿದ್ದಾರೆ. ಬೇಲಿ ಬಂದದ್ದು ಗಂಡನ ಕುರಿಗಳ ದೆಸೆಯಿಂದ. "ಅವಕ್ಕ ನೀರು ಕಂಡ್ರ ಸಾಕು, ಯಜಮಾನನಂಗ" ಎಂದು ನಕ್ಕರು.

ಏಳು ಗಂಟೆಗೆ ಕೊನೆಯ ಕೊಡ ಹೋಯಿತು. ಚನ್ನಬಸವ ಕಿಟ್ಲಿಯಲ್ಲಿ ಚಹಾ ತಂದ. ಎತ್ತರದ ಸ್ಟೂಲಿನ ಮೇಲೆ ಕಾಲು ಚಾಚಿ ಕೂತು ಭರಮಮ್ಮ ಹೋದ ವರ್ಷದ ಶ್ರಾವಣದ ಕತೆ ಹೇಳಿದರು. ಅಳುಕಿಲ್ಲದೆ ಹೇಳಿದರು.

ಶ್ರಾವಣ ಹತ್ತಿರ ಬಂದರೆ ಈ ಕಡೆಯ ಮನೆಗಳ ಅಟ್ಟದ ಮೇಲೆ ಒಂದು ಪಾತ್ರೆಯೂ ಉಳಿಯುವುದಿಲ್ಲ. ನಾಗರ ಅಮಾವಾಸ್ಯೆಯ ಒಳಗೆ ಕೊಡ, ಹಂಡೆ, ಕೊಳಗ, ದೇವರ ಸಾಮಾನು ಎಲ್ಲ ಕೆಳಗಿಳಿದು, ಹುಣಸೆಹಣ್ಣು ಕಂಡು, ಹೊಸದಾಗಿ ಮೇಲೇರಬೇಕು. ಭರಮಮ್ಮ ಮನೆಯದು ಮುಗಿಸಿದರು. ಊರಿಗೆಲ್ಲ ನೀರು ಕೊಡುವ ಮನೆ ಕೊಳೆಯಾಗಿರಬಾರದಲ್ಲ ಎಂದು ಇಲ್ಲಿಗೂ ಬಂದರು. ಗೋಡೆಗೆ ಸುಣ್ಣ ಹೊಡೆದರು, ನಲ್ಲಿ ಉಜ್ಜಿದರು, ಡ್ರಮ್ಮು ಉಜ್ಜಿದರು. ಮುಚ್ಚಳ ತೆಗೆದು ನೋಡಿದರೆ ಒಳಗೆ ಮರಳಿನ ತುಂಬ ತುಕ್ಕು.

"ನನಗ ನಾಚಿಕಿ ಆತ್ರಿ. ಇಷ್ಟು ದಿನ ಈ ಹೊಲಸಿನಾಗ ಸೋಸಿ ಮಂದಿಗೆ ನೀರು ಕೊಟ್ಟೆನಲ್ಲಾ ಅಂತ. ಬಸಲಿಂಗಮ್ಮನ ಮನ್ಯಾಗ ಹುಣಸಿಹಣ್ಣು ಭಾಳ ಇರ್ತಾವ, ಒಂದು ಮೊರದ ತುಂಬ ಇಸ್ಕಂಡು ಬಂದೆ. ನೆನಿಯಾಕಿ, ಆ ರಸದಾಗ ಮರಳು ಹಾಕಿ ತಿಕ್ಕಿದೆ. ಕೆಂಪು ನೀರು ಹೋತು, ಹೋತು, ಕಡೀಗೆ ಮರಳು ಬೆಳ್ಳಗ ಅಕ್ಕಿ ಆದಂಗ ಆತು. ಮೂರು ದಿನ ಭುಜ ಎತ್ತಾಕ ಬರ್ಲಿಲ್ಲ. ಆದ್ರ ಎಂಥಾ ಖುಷಿ ಅಂತೀರಿ! ಮಂದಿನ್ನ ಕರಕೊಂಬಂದು ತೋರ್ಸೀನಿ."

ಬಂದವರೆಲ್ಲ ಶಹಬ್ಬಾಸ್ ಅಂದರು. ಆ ಶ್ರಾವಣವೆಲ್ಲ ನವಿಲುಗುಂಟೆ ಬೋರಿನ ನೀರನ್ನೇ ಬೆಳ್ಳನೆ ಮರಳಿನಲ್ಲಿ ಹಾಯಿಸಿ, ಶುದ್ಧವಾಗಿದೆ ಎಂದು ನಂಬಿ ಕುಡಿಯಿತು. ಕೀರ್ತನಾಳಿಗೆ ಅಜ್ಜಿಯೇ ಲೋಟ ಹಿಡಿದು ಕುಡಿಸಿದರು.

ಸುಮಲತಾಗೆ ಆ ತಿಂಗಳು ಕಾಲೇಜಿನಲ್ಲಿ ಪರೀಕ್ಷೆ ಇತ್ತು. ಗಣೇಶನ ಹಬ್ಬ ಕಳೆದ ಮೇಲೆ ಬಂದಳು. ನಳಿಕೆಯ ನೀರು ಅರಿಶಿಣವಾಯಿತು. ಶೀಸೆ ಬದಲಾಯಿಸಿದಳು, ಮತ್ತೂ ಅರಿಶಿಣ. ಡ್ರಮ್ಮು ನೋಡಬೇಕು ಅಂದಾಗ ಭರಮಮ್ಮ ತಾವೇ ಮುಂದೆ ಬಂದು, ಹೊಗಳುತ್ತಾಳೆ ಎಂಬ ಆಸೆಯಿಂದ ಮುಚ್ಚಳ ತೆಗೆದರು. ಹುಡುಗಿ ಮರಳನ್ನು ಬೊಗಸೆಯಲ್ಲಿ ತುಂಬಿಕೊಂಡು, ಅಲ್ಲೇ ನೆಲದ ಮೇಲೆ ಕೂತುಬಿಟ್ಟಳಂತೆ.

"ತಪ್ಪು ನಮ್ಮದೂ ಐತ್ರಿ" ಎಂದು ಸುಮಲತಾ ನನಗೆ ಆಮೇಲೆ ಹೇಳಿದಳು. "ಸೋಡ ಎಷ್ಟು ಹಾಕಬೇಕು ಹೇಳಿದ್ವಿ, ನೀರು ಎಷ್ಟು ಹೊತ್ತು ಬಿಡಬೇಕು ಹೇಳಿದ್ವಿ. ಆ ಕೆಂಪೇ ಔಷಧ ಅಂತ ಹೇಳಲೇ ಇಲ್ಲ. ನಮಗೆ ಅದು ಹೇಳೋ ಮಾತು ಅಂತಲೇ ಅನಿಸಲಿಲ್ಲ. ನಮ್ಮಲ್ಲಿ ಯಾರೂ ಶ್ರಾವಣಕ್ಕೆ ಪಾತ್ರೆ ತಿಕ್ಕಿದೋರಲ್ಲ ನೋಡ್ರಿ."

ಯೋಜನೆಯ ಹಿರಿಯರಿಗೆ ವಿಷಯ ತಿಳಿದರೆ ಡ್ರಮ್ಮನ್ನು ಬೇರೆ ಊರಿಗೆ ಒಯ್ಯಬಹುದು. ಕೇಳುವ ಊರುಗಳು ಬೇಕಾದಷ್ಟಿದ್ದವು. ಸುಮಲತಾ ಹೆದರಿ ಒಂದು ಉಪಾಯ ಹೇಳಿದಳು. ಮರಳಿನ ಆಯಸ್ಸು ಮುಗಿಯಿತು ಎಂದು ತಾನು ವರದಿ ಕೊಡುತ್ತೇನೆ, ಹೊಸ ಮರಳು ಬರುವತನಕ ಮೋಟಾರು ಕೆಟ್ಟಿದೆ ಎಂದು ಭರಮಮ್ಮ ಹೇಳಲಿ. ಭರಮಮ್ಮ ಒಪ್ಪಿಕೊಂಡರು. ಡ್ರಮ್ಮು ಹೋದರೆ ಕೀರ್ತನಾಳ ಹಲ್ಲೂ ಅಪ್ಪನ ಹಲ್ಲಿನ ದಾರಿಯನ್ನೇ ಹಿಡಿಯುತ್ತದೆ, ಆ ಹೊತ್ತಿಗೆ ಅವರಿಗೆ ಕಂಡದ್ದು ಅದೊಂದೇ.

ಮರುದಿನ ಬೆಳಿಗ್ಗೆ ಸಾಲಿನ ಮುಂದೆ ನಿಂತು "ಮೋಟರ್ ಕೆಟ್ಟೈತಿ" ಎಂದರು. ಸುಳ್ಳು ಹೇಳಿ ಅಭ್ಯಾಸವಿಲ್ಲದವರು ಇಂಥ ಕಡೆಯೇ ಎಡವುವುದು. ಊರಿನಲ್ಲಿ ಮೋಟಾರು ರಿಪೇರಿಯವನು ಒಬ್ಬ ಇದ್ದಾನೆ ಎಂಬುದನ್ನೇ ಮರೆತಿದ್ದರು. ಯರ್ರೆಪ್ಪ ಬೇವಿನ ಕಡ್ಡಿ ಬಾಯಲ್ಲಿಟ್ಟುಕೊಂಡೇ ಒಳಗೆ ನುಗ್ಗಿ ಗುಂಡಿ ಒತ್ತಿದ. ಮೋಟಾರು ಗುಂಯ್ ಅಂದಿತು. "ಏನೂ ಆಗಿಲ್ಲಬೇ, ಚಲೋ ಐತಿ! ಬರ್ರಿ, ತುಂಬ್ಕಳ್ರಿ!" ಎಂದು ನಲ್ಲಿಯನ್ನೂ ತಿರುಗಿಸಿದ. ಸಾಲು ಮುಂದೆ ಸರಿಯಿತು. ಮೊದಲ ಕೊಡ ಒಬ್ಬ ಬಸುರಿ ಹೆಣ್ಣುಮಗಳದು.

"ಆಕಿ ಕೊಡ ಹಿಡದ್ಲು. ನೀರು ಬೀಳಾಕಹತ್ತಿತು. ನಾ ಓಡಿ ಹೋಗಿ ನಲ್ಲಿ ಬಾಯಿಗೆ ಕೈ ಇಟ್ಟೆ. ಓಡೀನ್ರಿ, ಈ ಮೊಣಕಾಲಾಗ! ನೀರು ಎಲ್ಲಾರ ಮ್ಯಾಲೂ ಚಿಮ್ಮಿತು. ನಲ್ಲಿ ಬಂದ್ ಮಾಡಿ ಅಂದೆ, ಮೋಟರ್ ಕೆಟ್ಟಿಲ್ಲ, ನಾ ಸುಳ್ಳು ಹೇಳೀನಿ. ಮರಳಿನ ಔಷಧ ನಾನಾ ತೊಳದು ಚೆಲ್ಲೀನಿ. ಶ್ರಾವಣ ಪೂರಾ ನಿಮಗ ಬೋರಿನ ನೀರಾ ಕುಡಿಸೀನಿ. ನನಗ ಗೊತ್ತಿರ್ಲಿಲ್ಲ. ಈಗ ಗೊತ್ತೈತಿ. ಇದನ್ನ ಕುಡಿಬ್ಯಾಡ್ರಿ."

ಯರ್ರೆಪ್ಪ ಎಗರಾಡಿದ. ಅವನ ಮನೆಯಲ್ಲೂ ಸಣ್ಣ ಮಕ್ಕಳಿದ್ದರು. ಊರಿನ ಮಕ್ಕಳ ಜೀವದ ಜೊತೆ ಆಟ ಆಡಿದ್ದೀಯ ಎಂದ, ಕೀಲಿ ಕೊಟ್ಟು ನಡೆ ಎಂದ. ಭರಮಮ್ಮ ಕೀಲಿ ಕೊಟ್ಟೇಬಿಟ್ಟರು. ಹಲವರು ಖಾಲಿ ಕೊಡ ಎತ್ತಿಕೊಂಡು ಹೋದರು. ಆಗ ಸಾಲಿನಿಂದ ಒಂದು ದನಿ ಬಂತು. ಊರಿನ ಹಿರಿಯಳಾದ ಬಸಲಿಂಗಮ್ಮನದು, ಹುಣಸೆಹಣ್ಣು ಕೊಟ್ಟವಳದು.

"ಬೈತಿಯಲ್ಲಲೇ ಯರ್ರೆಪ್ಪ, ಹುಣಸಿಹಣ್ಣು ಕೊಟ್ಟಾಕಿ ನಾ ಇಲ್ಲೇ ಅದೀನಿ, ನನಗೂ ಬೈ. ಆ ಮರಳು ನನ್ನ ಕೈಯಾಗಿದ್ರ ನಾನೂ ತಿಕ್ಕತಿದ್ದೆ. ನಿನ್ನ ಹೇಂತಿನೂ ತಿಕ್ಕತಿದ್ಲು. ಬೆಳ್ಳಗಾದ ಮ್ಯಾಲ ಬಂದು ಚಲೋ ಆಗೇತಿ ಅಂದಾಂವ ನೀನಾ ಅಲ್ಲೇನು?"

ಸಾಲಿನಲ್ಲಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪ್ರತಿಯೊಬ್ಬಳಿಗೂ ತಾನಾಗಿದ್ದರೂ ತಿಕ್ಕುತ್ತಿದ್ದೆ ಎಂಬುದು ಗೊತ್ತಿತ್ತು. ಯರ್ರೆಪ್ಪ ಮೋಟಾರು ನಿಲ್ಲಿಸಿ ಹೊರಗೆ ಬಂದ. ಆದರೆ ಕೀಲಿ ಅವನ ಹತ್ತಿರವೇ ಉಳಿಯಿತು.

ಸುಮಲತಾ ಕೂಡ ಇದ್ದದ್ದನ್ನು ಇದ್ದ ಹಾಗೆ ವರದಿ ಮಾಡಿದಳು. ಮುಂದಿನ ವಾರ ಯೋಜನೆಯ ಹಿರಿಯರು ಜೀಪಿನಲ್ಲಿ ಬಂದು ಕಟ್ಟೆಯ ಮೇಲೆ ಕೂತರು. ಡ್ರಮ್ಮು ಒಯ್ಯುವ ಮಾತು ಬಂತು, ಕೊನೆಗೆ ಹೊಸ ಕೆಂಪು ಮರಳು ತುಂಬಿ ಇಲ್ಲೇ ಇಡೋಣ, ಆದರೆ ನೋಡಿಕೊಳ್ಳಲು ಓದಿದವರೊಬ್ಬರನ್ನು ನೇಮಿಸೋಣ ಎಂಬಲ್ಲಿಗೆ ಬಂದು ನಿಂತಿತು. ಭರಮಮ್ಮ ಮೂಲೆಯಲ್ಲಿ ಗೋಡೆಗೊರಗಿ ನಿಂತಿದ್ದರು. ಡ್ರಮ್ಮು ಉಳಿಯಿತಲ್ಲ, ಅಷ್ಟು ಸಾಕಿತ್ತು ಅವರಿಗೆ. ಎದ್ದು ನಿಂತವನು ಯರ್ರೆಪ್ಪ.

"ನೀವು ಇನ್ನೊಬ್ರನ್ನ ಇಡ್ತೀರಿ, ಸೈ. ಅವರ ಕೈಲಿ ಏನಾರ ತಪ್ಪಾದ್ರ ಸಾಲಿನಾಗ ನಿಂತು ನಮಗ ಹೇಳ್ತಾರ ಅಂತ ಗ್ಯಾರಂಟಿ ಕೊಡ್ತೀರೇನ್ರಿ? ಈಕಿ ಹೇಳ್ಯಾಳ. ಸಿಟ್ಟು ನನಗ ಇನ್ನೂ ಐತಿ. ಆದ್ರೂ ಈಕೀನಾ ಇರ್ಲಿ." ಹಾಗೆಂದು ಸೊಂಟದಿಂದ ಕೀಲಿ ಬಿಚ್ಚಿ ಭರಮಮ್ಮನ ಕೈಗೆ ಹಾಕಿದ.

ಭರಮಮ್ಮ ಅದನ್ನು ತಕ್ಷಣ ಸೆರಗಿಗೆ ಕಟ್ಟಿಕೊಳ್ಳಲಿಲ್ಲ. ಎರಡು ಷರತ್ತು ಹಾಕಿದರು. ಪರೀಕ್ಷೆಯ ಶೀಸೆ ತಿಂಗಳಿಗೊಮ್ಮೆ ಬಂದು ಹೋಗಬಾರದು, ಊರಿನಲ್ಲೇ ಇರಬೇಕು. ದಿನಾ ನೋಡಬೇಕು, ಮತ್ತು ಬಣ್ಣವನ್ನು ತಾನು ನೋಡುವುದಿಲ್ಲ, ಕುಡಿಯುವವರೇ ನೋಡಬೇಕು. ಈ ಹೊತ್ತಿನವರೆಗೂ ಅದೇ ನಡೆದಿದೆ. ನಡುವೆ ಒಂದೆರಡು ಸಲ ಅರಿಶಿಣ ಬಂದಿದೆ. ನಲ್ಲಿ ತೆರೆದಿಲ್ಲ. ಜನ ಗೊಣಗಿಕೊಂಡು ಹೋಗಿದ್ದಾರೆ, ಭರಮಮ್ಮ ಸೋಡದ ನೀರು ಹಾಯಿಸಿ ಮರಳನ್ನು ಮತ್ತೆ ಕೆಲಸಕ್ಕೆ ಹಚ್ಚಿದ್ದಾರೆ. ಕೆಂಪು ಮರಳನ್ನು ನನಗೂ ತೋರಿಸಿದರು, ಮುಟ್ಟಲು ಹೋದಾಗ ಕೈಗೆ ಮೆಲ್ಲಗೆ ಒಂದು ಏಟು ಕೊಟ್ಟರು.

ಮಾತಿನ ನಡುವೆ ಕೀರ್ತನಾ ಬಂದು ಅಜ್ಜಿಯ ಚಹಾದಲ್ಲಿ ಬಿಸ್ಕತ್ತು ಅದ್ದಿಕೊಂಡು ಹೋದಳು. ಈಗಿರುವುದು ಹಾಲುಹಲ್ಲು. ಗಟ್ಟಿ ಹಲ್ಲು ಮೂಡಲು ಇನ್ನೂ ಎರಡು ಮೂರು ವರ್ಷ ಬೇಕು. ಆ ಒಂದು ಶ್ರಾವಣದಿಂದ ಹೆಚ್ಚೇನೂ ಆಗಿರಲಾರದು ಎಂದು ಸುಮಲತಾ ಎಷ್ಟು ಸಲ ಹೇಳಿದರೂ ಭರಮಮ್ಮನಿಗೆ ಸಮಾಧಾನವಿಲ್ಲ. "ಆಕಿ ಹೇಳ್ತಾಳ, ನಾ ಕೇಳ್ತೀನಿ. ಹಲ್ಲು ಬಂದ ದಿನ ನೋಡೂಣು" ಎಂದರು. ಅದನ್ನು ಹೇಳುವಾಗ ಮಾತ್ರ ಅವರ ದನಿ ತಗ್ಗಿತು. ನನಗೂ ಸಂಕಟವಾಯಿತು. ಊರಿನ ಅಷ್ಟೂ ಜನ ಕ್ಷಮಿಸಿದ ಮೇಲೂ ಈ ಹೆಂಗಸು ಮೂರೂವರೆ ವರ್ಷದ ಕೂಸಿನ ದವಡೆಯ ಕಡೆ ನೋಡುತ್ತ ಕಾದಿದ್ದಾಳೆ.

ನಾನು ಪೆನ್ನು ಮುಚ್ಚಿ, ಧೈರ್ಯ ಹೇಳುವವನ ಹಾಗೆ ಹೇಳಿದೆ: ಹುಣಸೆಹಣ್ಣಿನ ವಿಷಯ ಬರೆಯುವುದಿಲ್ಲ ಬಿಡಿ, ಭಾನುವಾರದ ಪುರವಣಿ, ನಾಲ್ಕು ಒಳ್ಳೆಯ ಮಾತು ಬರಲಿ, ಊರಿಗೂ ಹೆಸರು, ನಿಮಗೂ ಹೆಸರು.

ಭರಮಮ್ಮ ಲೋಟ ಕೆಳಗಿಟ್ಟರು. ಅಷ್ಟು ಹೊತ್ತಿನಲ್ಲಿ ಮೊದಲ ಸಲ ಸಿಟ್ಟಾದರು.

"ಮತ್ತ ಯಾಕ ಹೇಳಿದೆ ನಾ ನಿಮಗ, ಒಂದು ತಾಸು? ಮುಂದಿನ ತಿಂಗಳು ಅರಸೀಕೆರಿ ಕಡೆ ಒಂದು ಹಳ್ಳಿಗೆ ಇಂಥಾದ್ದಾ ಡ್ರಮ್ಮು ಹೊಂಟೈತಿ. ಅಲ್ಲೂ ಊರಾಗೆಲ್ಲ ಚೊಕ್ಕಟ ಇರಾಕೀನಾ ಹುಡುಕಿ ಇಡ್ತಾರ. ಶ್ರಾವಣ ಆ ಊರಿಗೂ ಬರ್ತೈತಿ. ಒಳ್ಳೇದು ಬಿಟ್ರೂ ಬಿಡ್ರಿ, ನನ್ನ ಹೆಸರು ತಪ್ಪಾಗಿ ಹಾಕಿದ್ರೂ ಹಾಕ್ರಿ. ಹುಣಸಿಹಣ್ಣಿಂದು ಬರೀರಿ. ಆ ಊರಾಕಿಗೆ ಓದಾಕ ಬರದಿದ್ರ, ಯಾರಾದ್ರೂ ಓದಿ ಹೇಳ್ಲಿ ಆಕಿಗೆ."